ಅಜ್ಜಿಯ ತಿಥಿ ಫೋಟೋ

ಫೋಟೋ ಸ್ಟುಡಿಯೋ ಇಟ್ಟುಕೊಂಡವನಿಗೆ ಕಷ್ಟ ಬಂದರೂ ಅದು ಜನ ನಗುವ ಹಾಗೇ ಬರುತ್ತದೆ. ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ತಿರ ಅಪ್ಪನ ಕಾಲದಿಂದ ಇರುವ ಸ್ಟುಡಿಯೋ ನನ್ನದು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ನೊಣ ಹೊಡೆಯುತ್ತ ಕೂರುವುದೇ ಕೆಲಸವಾಯಿತು. ಬಾಗಿಲು ಹಾಕಿಬಿಡೋಣ ಅಂತ ಯೋಚಿಸುತ್ತಿದ್ದ ದಿನಗಳ ಮಾತು ಇದು.

ಪರದೆ ಚೆನ್ನಾಗೈತೆ

ಒಂದು ದಿನ ಹೊಸದಾಗಿ ಮದುವೆಯಾದ ಜೋಡಿ ಬಂತು. ನನಗೋ ಖುಷಿ. ಪರದೆ ಇಳಿಸಿ, ಲೈಟು ಹಾಕಿ, ಇಬ್ಬರನ್ನೂ ನಿಲ್ಲಿಸಿದೆ. ನೋಡಿದರೆ ಹುಡುಗ ಆಗಲೇ ಕೈ ಚಾಚಿ ತನ್ನ ಮೊಬೈಲ್ ಹಿಡಿದಿದ್ದಾನೆ.

"ಫೋಟೋ ನಾವೇ ತಗೋತೀವಿ ಸಾರ್. ನಿಮ್ಮ ಪರದೆ ಚೆನ್ನಾಗೈತೆ ಅಂತ ಬಂದ್ವಿ."

ನಾನು ಪರದೆಯ ಸುಕ್ಕು ಸರಿಮಾಡುತ್ತ ಪಕ್ಕದಲ್ಲೇ ನಿಂತಿದ್ದೆ.

"ಸಾರ್, ಸ್ವಲ್ಪ ಆ ಕಡೆ ಹೋಗ್ತೀರಾ? ನೀವೂ ಫೋಟೋದಲ್ಲಿ ಬರ್ತಾ ಇದೀರ."

ಗಟ್ಟಿಮೇಳ

ಕುಣಿಗಲ್ಲಿನ ಛತ್ರದಲ್ಲಿ ಒಂದು ಮದುವೆ. ಆ ಸಲದ ಲಗ್ನಗಳಲ್ಲಿ ನನಗೆ ಸಿಕ್ಕಿದ್ದು ಅದೊಂದೇ. ಪುರೋಹಿತರು "ಗಟ್ಟಿಮೇಳ!" ಅಂತ ಕೂಗಿದರು. ವಾಲಗ ಜೋರಾಯಿತು. ಆದರೆ ಅಕ್ಷತೆ ಒಂದು ಕಾಳೂ ಬೀಳಲಿಲ್ಲ. ನೆಂಟರೆಲ್ಲ ಎರಡೂ ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದಿದ್ದರು.

ಪುರೋಹಿತರು ನನ್ನ ಕಡೆ ತಿರುಗಿ, "ನೀವಾದ್ರೂ ಹಾಕ್ರೀ!" ಅಂದರು. ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ಅಕ್ಷತೆ ಹಾಕಿದೆ. ಅಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು.

ಆಲ್ಬಮ್ ಕೊಡಲು ಹೋದಾಗ ಹುಡುಗಿಯ ತಂದೆ, "ತಾಳಿ ಕಟ್ಟೋ ಫೋಟೋ ಎಲ್ಲಪ್ಪಾ?" ಅಂದರು. ನಾನು ಆಲ್ಬಮ್ಮಿನ ಹಾಳೆ ತಿರುವತೊಡಗಿದೆ. ಅವರೇ ತಮ್ಮ ಮೊಬೈಲ್ ತೆಗೆದು ತೋರಿಸಿದರು.

"ನಮ್ಮೆಲ್ಲರ ಫೋಟೋದಲ್ಲೂ ನೀನೇ ಇದೀಯ ನೋಡು. ಅಕ್ಷತೆ ಹಾಕ್ತಿರೋ ದೊಡ್ಡ ಮನುಷ್ಯ ಯಾರು ಅಂತ ಬೀಗರು ಕೇಳ್ತಾವ್ರೆ. ಏನ್ ಹೇಳ್ಲಿ?"

ರೇಷ್ಮೆ ಸೀರೆ ಅಜ್ಜಿ

ಈಗ ನಗು ಬರುತ್ತದೆ. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಅಳುವೇ ಬಂತು. ಗುಬ್ಬಿಗೆ ಬಂದವನೇ ಸ್ಟುಡಿಯೋ ಪಕ್ಕದ ಮೊಬೈಲ್ ರಿಪೇರಿಯವನಿಗೆ ನನ್ನ ಅಂಗಡಿ ಬಿಟ್ಟುಕೊಡುತ್ತೇನೆ ಅಂತ ಹೇಳಿಬಿಟ್ಟೆ. ಅಪ್ಪನ ಹಳೇ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಾಗ ನಮ್ಮ ತಾಲ್ಲೂಕಿನ ಕಡಬದ ಅಜ್ಜಿಯೊಬ್ಬರು ರೇಷ್ಮೆ ಸೀರೆ ಉಟ್ಟು ಬಂದರು.

"ನನ್ನ ತಿಥಿಗೆ ಒಂದು ಫೋಟೋ ತೆಗಿಯಪ್ಪ."

"ಏನಜ್ಜಿ ಹಿಂಗಂತೀಯ! ಗಟ್ಟಿಯಾಗಿದೀಯಲ್ಲ?"

"ನಮ್ಮ ಯಜಮಾನ್ರು ಹೋದಾಗ ಒಂದು ಫೋಟೋನೂ ಸಿಗ್ಲಿಲ್ಲ ಕಣಪ್ಪ. ಮೊಮ್ಮಗನ ಮೊಬೈಲ್‌ನಾಗೆ ಒಂದಿತ್ತು. ಅರ್ಧ ಮುಖ, ಪಕ್ಕದಾಗೆ ಎಮ್ಮೆ. ಅದನ್ನೇ ದೊಡ್ಡದು ಮಾಡ್ಸಿ ಹಾರ ಹಾಕಿದ್ವಿ. ಬಂದೋರೆಲ್ಲ ಎಮ್ಮೆಗೇ ಕೈ ಮುಗಿದ್ರು."

ಇಬ್ಬರೂ ನಕ್ಕೆವು. ನಗುನಗುತ್ತಲೇ ಅಜ್ಜಿಯ ಕಣ್ಣು ತುಂಬಿತು. ಸುತ್ತಿದ್ದ ಬಟ್ಟೆ ಬಿಚ್ಚಿ ಅಪ್ಪನ ಕ್ಯಾಮೆರಾವನ್ನು ಮತ್ತೆ ಶೋಕೇಸಿನಲ್ಲಿಟ್ಟೆ, ನನ್ನ ಕ್ಯಾಮೆರಾ ತಂದು ಆ ಮುಖದ ಫೋಟೋ ತೆಗೆದೆ. ಕಟ್ಟು ಹಾಕಿಸಿ ಕೊಟ್ಟಾಗ ಅಜ್ಜಿ ತುಂಬ ಹೊತ್ತು ನೋಡಿಕೊಂಡರು. ಆಮೇಲೆ ಅವರ ಬೀದಿಯ ಮುದುಕಿಯರೆಲ್ಲ ಒಬ್ಬೊಬ್ಬರಾಗಿ ಬರತೊಡಗಿದರು. ರಿಪೇರಿಯವನಿಗೆ, "ಸ್ವಲ್ಪ ದಿನ ತಡಿಯಪ್ಪ" ಅಂದೆ.

ವರ್ಷ ಕಳೆದ ಮೇಲೆ ಅದೇ ಅಜ್ಜಿ ಮತ್ತೆ ಬಂದರು, ಹೊಸ ಕನ್ನಡಕ ಹಾಕಿಕೊಂಡು.

"ಇನ್ನೊಂದು ತೆಗಿ. ಹಳೇದ್ರಲ್ಲಿ ಕನ್ನಡಕ ಇಲ್ಲ. ತಿಥಿಗೆ ಬಂದೋರು ಗುರ್ತು ಹಿಡಿಯಾಕಿಲ್ಲ."

"ನಾನು ಅಂಗಡಿ ಮುಚ್ಚೋಣ ಅಂತಿದ್ದೆ ಅಜ್ಜಿ. ನೀನು ನೋಡಿದ್ರೆ ವರ್ಷವರ್ಷ ಬರ್ತೀಯ!"

ಅಜ್ಜಿ ಸ್ಟೂಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡರು.

"ನಾನು ಸಾಯೋಗಂಟ ನೀನು ಬಾಗ್ಲು ಮುಚ್ಚಂಗಿಲ್ಲ. ನಂಗಂತೂ ಸದ್ಯಕ್ಕೆ ಸಾಯೋಕೆ ಪುರ್ಸೊತ್ತಿಲ್ಲ. ಹೂಂ, ತೆಗಿ."