ಅತ್ತೆಯ ಜಪಾನೀ ಕೊಲೆಗಾರರು

ಮಲ್ಲೇಶ್ವರದಲ್ಲಿ ಯಾರೂ ಸಹಜವಾಗಿ ಸಾಯುವುದಿಲ್ಲ ಎಂದು ನಮ್ಮ ಅತ್ತೆ ಬಲವಾಗಿ ನಂಬಿದ್ದರು. ಹಿಂದಿನ ಬೀದಿಯ ಎಂಬತ್ತೆಂಟು ವರ್ಷದ ತಾತ ನಿದ್ದೆಯಲ್ಲೇ ಹೋದಾಗ ಊರೆಲ್ಲ ‘ಪುಣ್ಯವಂತರು’ ಎಂದು ಕೈಮುಗಿಯುತ್ತಿದ್ದರೆ, ಅತ್ತೆ ಮಾತ್ರ ಅವರ ಸೊಸೆಯನ್ನು ಪಕ್ಕಕ್ಕೆ ಕರೆದು, “ಕೊನೇ ಲೋಟ ಹಾಲು ಕೊಟ್ಟಿದ್ದು ಯಾರು?” ಎಂದು ಕೇಳಿದ್ದರು. ಆ ಸೊಸೆ ಆಮೇಲೆ ಎರಡು ವರ್ಷ ನಮ್ಮ ಮನೆಗೆ ಅರಿಸಿನ ಕುಂಕುಮಕ್ಕೆ ಬರಲಿಲ್ಲ. “ನೋಡಿದ್ಯಾ? ತಲೆ ತಪ್ಪಿಸ್ಕೊಂಡು ಓಡಾಡ್ತಿದಾಳೆ!” ಎಂದು ಅತ್ತೆ ಅದನ್ನೂ ಸಾಕ್ಷಿಗೆ ಸೇರಿಸಿಕೊಂಡರು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಯಲ್ಲೇ ಇದ್ದವರು. ಹುಡುಗಿಯರ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಇಂಥ ಗಂಭೀರ ಹೆಂಗಸಿಗೆ ಕೊಲೆಯ ಹುಚ್ಚು ಹಿಡಿದದ್ದು ಎಲ್ಲಿಂದ ಎನ್ನುತ್ತೀರಿ? ಸೇವಂತಿಗೆ ಹೂವಿನಿಂದ! ಸಂಪಿಗೆ ರಸ್ತೆಯ ಹತ್ತಿರ ಪುಸ್ತಕ ಬಾಡಿಗೆಗೆ ಕೊಡುವ ಒಂದು ಕಿಷ್ಕಿಂಧೆಯಂಥ ಅಂಗಡಿಯಿತ್ತು. ಅಲ್ಲಿ ರಕ್ಷಾಪುಟದ ತುಂಬ ಬಿಳಿ ಸೇವಂತಿಗೆ ಇದ್ದ ಇಂಗ್ಲಿಷ್ ಪುಸ್ತಕವೊಂದನ್ನು ಕಂಡು, ತೋಟಗಾರಿಕೆಯದ್ದಿರಬೇಕೆಂದು ಅತ್ತೆ ಮನೆಗೆ ತಂದರು. ಅದು ಜಪಾನಿನ ಪತ್ತೇದಾರಿ ಕಾದಂಬರಿಯ ಅನುವಾದ. ಮೂರನೆಯ ಪುಟದಲ್ಲೇ ಸೇವಂತಿಗೆ ಪಾತಿಯ ಕೆಳಗೆ ಒಬ್ಬ ಮ್ಯಾನೇಜರನ ಹೆಣ!

“ಗಿಡಕ್ಕೆ ಗೊಬ್ಬರ ಏನು ಹಾಕ್ತಾರೆ ತಿಳ್ಕೊಳ್ಳೋಣ ಅಂತ ತಂದೆ ಕಣೇ. ತಿಳೀತು,” ಎಂದರು ಅತ್ತೆ. ಅವತ್ತು ಅವರು ಊಟಕ್ಕೂ ಏಳಲಿಲ್ಲ.

ಅಲ್ಲಿಂದಾಚೆಗೆ ಅಂಗಡಿಯವನು ಎಲ್ಲೆಲ್ಲಿಂದಲೋ ಹುಡುಕಿ ತಂದ ಜಪಾನೀ ಕೊಲೆಗಳೆಲ್ಲ ಮೊದಲು ನಮ್ಮ ಮನೆಗೆ ಬಂದೇ ಮುಂದಕ್ಕೆ ಹೋಗುತ್ತಿದ್ದವು. ಇಂಗ್ಲಿಷರ ಪತ್ತೇದಾರಿ ಅತ್ತೆಗೆ ಸೇರುತ್ತಿರಲಿಲ್ಲ.

“ಅವರದ್ದೇನೇ? ದೊಡ್ಡ ಬಂಗಲೆ, ಹನ್ನೆರಡು ರೂಮು, ಆಳುಕಾಳು. ಅಲ್ಲಿ ಯಾರು ಬೇಕಾದ್ರೂ ಕೊಲೆ ಮಾಡ್ಬಹುದು. ಜಪಾನಿನವರು ನಮ್ಮ ಥರ. ಎರಡು ರೂಮಿನ ಮನೆ, ಮೂರು ಹೊತ್ತೂ ಅನ್ನ, ಅತ್ತೆ ಸೊಸೆ ಜಗಳ, ಆಫೀಸಲ್ಲಿ ಪ್ರಮೋಷನ್ ಸಂಕಟ. ಇಷ್ಟರ ಮಧ್ಯೆ ಜಾಗ ಮಾಡ್ಕೊಂಡು, ಪಕ್ಕದ ಮನೆಯವರಿಗೆ ಕೇಳಿಸದ ಹಾಗೆ ಕೊಲ್ಲಬೇಕು! ಹಾಗಂತ ಸಂಸ್ಕಾರ ಬಿಡ್ತಾರಾ? ಕೊಲೆ ಮಾಡೋಕೆ ಬಂದೋನೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರ್ತಾನೆ. ನೀನೂ ಇದೀಯ, ಚಪ್ಪಲಿ ಹಾಕ್ಕೊಂಡೇ ನಡುಮನೆಗೆ ನುಗ್ತೀಯ!”

ಕಾಲೇಜಿಗೆ ಹೋಗುವ ಹುಡುಗಿಗೆ ಕೊಲೆಗಾರನನ್ನು ಆದರ್ಶವಾಗಿ ತೋರಿಸಿದ ಹಿರಿಯರು ಬೆಂಗಳೂರಿನಲ್ಲಿ ಬೇರೆ ಯಾರಾದರೂ ಇದ್ದರೇ?

ಒಂದೇ ತೊಂದರೆಯೆಂದರೆ ಆ ಹೆಸರುಗಳು. ನಾಲ್ಕು ಜನರ ಹೆಸರು ಒಂದೇ ಥರ ಕೇಳಿಸುತ್ತಿದ್ದುದರಿಂದ ಅತ್ತೆ ಪೆನ್ಸಿಲಿನಲ್ಲಿ ಪಕ್ಕದಲ್ಲೇ ‘ಗೂರಲು ಮಾವ’, ‘ಬಾಯಿಬಡಕಿ ನಾದಿನಿ’ ಎಂದು ಗುರುತು ಹಾಕಿಕೊಳ್ಳುತ್ತಿದ್ದರು. ಒಂದು ದಿನ ಅಂಗಡಿಯವನು ಮನೆಗೇ ಬಂದು ಬಾಗಿಲಲ್ಲಿ ನಿಂತ.

“ಮೇಡಂ, ನೀವು ಇಪ್ಪತ್ತನೇ ಪೇಜಲ್ಲಿ ‘ಇವನೇ ಕೊಂದವನು’ ಅಂತ ಬರ್ದಿದೀರಿ. ಮೂರು ಜನ ಮೆಂಬರ್ಸು ಬೈದು ಹೋದ್ರು.”

“ಅವರಿಗೆ ತಾಳ್ಮೆ ಇಲ್ಲ ಅಷ್ಟೆ,” ಎಂದರು ಅತ್ತೆ. “ನೂರ ಎಂಟನೇ ಪುಟದಲ್ಲಿ ‘ಅವನಲ್ಲ, ಕ್ಷಮಿಸಿ’ ಅಂತ ತಿದ್ದಿದೀನಲ್ಲ!”

ಆ ಕಾದಂಬರಿಗಳಲ್ಲಿ ಅತ್ತೆ ಮರುಳಾದದ್ದು ರೈಲಿನ ವೇಳಾಪಟ್ಟಿಗೆ. ಅಲ್ಲಿನ ಕೊಲೆಗಾರ ನಾಲ್ಕು ನಿಮಿಷದ ಅಂತರದಲ್ಲಿ ಒಂದು ರೈಲು ಇಳಿದು, ಕೊಂದು, ಇನ್ನೊಂದು ರೈಲು ಹತ್ತಿ, ‘ನಾನು ಆ ಊರಿನಲ್ಲೇ ಇರಲಿಲ್ಲ’ ಎನ್ನುತ್ತಾನಂತೆ. ಅದನ್ನು ಓದಿ ಅತ್ತೆಯೂ ಒಂದು ರೈಲ್ವೆ ಟೈಂಟೇಬಲ್ ಕೊಂಡು ತಂದರು. “ನಮ್ಮ ರೈಲುಗಳನ್ನ ನಂಬ್ಕೊಂಡು ಯಾರು ಕೊಲೆ ಮಾಡ್ತಾರಕ್ಕಾ?” ಎಂದು ಅಪ್ಪ ನಕ್ಕರು. ಆ ಟೈಂಟೇಬಲ್ ತಮ್ಮ ಮಗಳ ಮದುವೆಗೇ ಬಂದು ಬಡಿಯುತ್ತದೆಂದು ಅವರಿಗೇನು ಗೊತ್ತು!

ನಮ್ಮ ಸುಮಕ್ಕನನ್ನು ನೋಡಲು ಮೈಸೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಲೆಕ್ಚರರ್. ಮೂರು ವರ್ಷ ಜಾತಕ ಹಿಡಿದು ಅಲೆದಿದ್ದ ಅಪ್ಪನಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಸಿಕ್ಕಿರಲಿಲ್ಲ. ಅಮ್ಮ ಬೆಳಗಿನಿಂದ ಉಪ್ಪಿಟ್ಟು ಕೇಸರಿಬಾತ್‌ಗಾಗಿ ಒಲೆಯ ಮುಂದೆ ಬೆಂದಿದ್ದಳು. ಹುಡುಗ ಮಾತ್ರ ತಟ್ಟೆ ಮುಟ್ಟಲಿಲ್ಲ.

“ಸ್ಟೇಷನ್‌ನಿಂದ ಸೀದಾ ಇಲ್ಲಿಗೇ ಬಂದ್ವಿ. ಪ್ರಯಾಣದ ಆಯಾಸ ನೋಡಿ,” ಎಂದರು ಅವನ ತಂದೆ.

ಮೂಲೆಯ ಕುರ್ಚಿಯಿಂದ ಅತ್ತೆ ಕೆಮ್ಮಿದರು.

“ಯಾವ ರೈಲು?”

“ಬೆಳಗಿಂದು.”

“ಟೈಂಟೇಬಲ್‌ನಲ್ಲಿರೋ ಹಾಗೇ ಅದು ಹನ್ನೊಂದಕ್ಕೆಲ್ಲ ಬಂತಲ್ಲ! ಎದುರು ಮನೆ ಮೇಷ್ಟ್ರೂ ಅದರಲ್ಲೇ ಬಂದ್ರು. ಊಟ ಮಾಡಿ, ಒಂದು ನಿದ್ದೆ ತೆಗೆದು, ಎದ್ದು ಕಾಫೀನೂ ಕುಡಿದ್ರು. ಈಗ ನಾಲ್ಕೂವರೆ. ಐದೂವರೆ ಗಂಟೆ ಎಲ್ಲಿದ್ರಿ? ಹುಡುಗನ ಕಾಲರ್ ಮೇಲೆ ಅದೇನು, ಕೇಸರಿಬಾತಾ? ನಮ್ಮ ಮನೇದಂತೂ ಅವನು ಮುಟ್ಟೇ ಇಲ್ಲ.”

ಹುಡುಗ ಕಾಲರ್ ಮುಟ್ಟಿಕೊಂಡ. ಮುಖ ಕೆಂಪಾಯಿತು. “ಚಾಮರಾಜಪೇಟೆಲಿ... ಇನ್ನೊಂದು ಮನೆಗೆ ಹೋಗಿದ್ವಿ. ಹೆಣ್ಣು ನೋಡೋಕೆ,” ಎಂದುಬಿಟ್ಟ.

ಅವನ ತಂದೆ ಎದ್ದು ನಿಂತರು. “ಏನಮ್ಮಾ, ಇದು ಮನೆಯೋ, ಪೊಲೀಸ್ ಠಾಣೆಯೋ?” ಎಂದವರೇ ಚಪ್ಪಲಿ ಮೆಟ್ಟಿ ಹೊರಟೇಹೋದರು. ಹುಡುಗ ತಲೆತಗ್ಗಿಸಿಕೊಂಡು ಹಿಂದೆ ನಡೆದ.

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಅತ್ತೆಯ ಮೇಲೆ ದನಿಯೆತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು. “ಎರಡು ಹೆಣ್ಣು ನೋಡೋದು ಮಹಾಪಾಪವಾ ಅಕ್ಕ? ನಿನ್ನ ಹಾಳು ಪುಸ್ತಕಕ್ಕೆ ನನ್ನ ಮಗಳ ಬಾಳು ಬಲಿ ಕೊಟ್ಟೆಯಲ್ಲ!” ಮರುದಿನವೇ ಅತ್ತೆ ಮನೆಯಲ್ಲಿದ್ದ ಪುಸ್ತಕಗಳನ್ನು ಅಂಗಡಿಗೆ ಹಿಂದಿರುಗಿಸಿ ಬಂದರು. ಒಂದು ವಾರ ನಮ್ಮ ಮನೆಯಲ್ಲಿ ಯಾರೂ ಕೊಲೆಯಾಗಲಿಲ್ಲ. ಅಷ್ಟು ಬೇಸರದ ವಾರವನ್ನು ನಾನು ಕಂಡಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ನೋಡಿದರೆ ಅದೇ ಹುಡುಗ, ಒಬ್ಬನೇ! ಅಪ್ಪ ಗಾಬರಿಯಿಂದ ಕುರ್ಚಿ ಎಳೆದರು. ಅವನು ಕೂರಲಿಲ್ಲ.

“ಕ್ಷಮಿಸ್ಬೇಕು ಸಾರ್. ಆ ಚಾಮರಾಜಪೇಟೆ ಹುಡುಗಿ ನನಗೆ ಇಷ್ಟ ಆಗಿದ್ಲು. ಅಪ್ಪನಿಗೆ ನಿಮ್ಮ ಮನೆತನದ ಮೇಲೇ ಕಣ್ಣು. ಇಲ್ಲಿ ಹೂಂ ಅಂತ ತಲೆ ಆಡಿಸಿ ಹೋಗೋಣ ಅಂದ್ಕೊಂಡಿದ್ದೆ. ಇವರು ಕೇಳಿಬಿಟ್ರು. ಕೇಳಿದ್ಮೇಲೆ ಮನೆಗೆ ಹೋಗಿ ನಿಜ ಹೇಳೋ ಧೈರ್ಯ ಬಂತು. ಆ ಹುಡುಗಿ ಜೊತೇನೇ ಮದುವೆ ಗೊತ್ತಾಯ್ತು,” ಎಂದು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದ. ಸುಮಕ್ಕ ಬಾಗಿಲ ಹಿಂದಿನಿಂದಲೇ, “ಸದ್ಯ, ಬಚಾವಾದೆ!” ಎಂದಳು. ಈ ಸಲ ಅವನು ಅಮ್ಮನ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದ.

ಅವನು ಹೋದಮೇಲೆ ಅಪ್ಪ ಮೊದಲು ನಕ್ಕರು. ಅಮ್ಮನೂ ನಕ್ಕಳು. “ಅತ್ತೇ, ನಿಮ್ಮ ಮೊದಲನೇ ಕೇಸು ಗೆದ್ರಿ!” ಎಂದೆ ನಾನು.

ಅತ್ತೆ ನಗಲಿಲ್ಲ. ಅವನು ಹೋದ ಬಾಗಿಲನ್ನೇ ನೋಡುತ್ತಿದ್ದರು.

“ನನ್ನ ನೋಡೋಕೆ ಬಂದ ದಿನ ನಮ್ಮವರನ್ನೂ ಯಾರಾದ್ರೂ ಹೀಗೆ ಒಂದು ಮಾತು ಕೇಳಿದ್ದಿದ್ರೆ ಚೆನ್ನಾಗಿತ್ತು,” ಎಂದರು. “ಅವರೂ ಕೆಟ್ಟವರಲ್ಲ. ಒಬ್ಬಳನ್ನ ಮೊದಲೇ ಮೆಚ್ಚಿದ್ರು. ಮನೇಲಿ ಹೇಳೋ ಧೈರ್ಯ ಇರಲಿಲ್ಲ. ಆರು ತಿಂಗಳು ನೋಡ್ದೆ, ಪೆಟ್ಟಿಗೆ ತಗೊಂಡು ಬಂದ್ಬಿಟ್ಟೆ.”

ನಮ್ಮ ಮನೆಯಲ್ಲಿ ಯಾರೂ ಅತ್ತೆಯ ಮದುವೆಯ ಮಾತೆತ್ತುತ್ತಿರಲಿಲ್ಲ. ಅವರು ಗಂಡನ ಮನೆಯಲ್ಲಿ ಹೊಂದಿಕೊಳ್ಳದೆ ಬಂದವರು ಎಂದಷ್ಟೇ ನಾವು ಕೇಳಿದ್ದೆವು. ಅಜ್ಜಿ ತಾತ ಹಾಗೆಂದುಕೊಂಡೇ ತೀರಿಹೋಗಿದ್ದರು.

“ನಮಗ್ಯಾಕಕ್ಕಾ ಹೇಳಲಿಲ್ಲ?” ಎಂದರು ಅಪ್ಪ.

“ಬಂದೋಳನ್ನ ಎಲ್ಲರೂ ಬೈದ್ರು ಕಣೋ. ಯಾಕೆ ಬಂದೆ ಅಂತ ಒಬ್ಬರೂ ಕೇಳಲಿಲ್ಲ. ಆ ಪುಸ್ತಕದೋರು ಕೊಲೆ ಮಾಡಿದವಳನ್ನೂ ಕೂರಿಸ್ಕೊಂಡು, ಯಾಕಮ್ಮಾ ಅಂತ ಕೇಳ್ತಾರೆ.”

ಅಪ್ಪ ತಮ್ಮ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅತ್ತೆಯ ಪಕ್ಕದಲ್ಲಿ ಹಾಕಿಕೊಂಡು ಕೂತರು.

“ಮೊದಲಿಂದ ಹೇಳಕ್ಕಾ,” ಎಂದರು.