ರೈಲ್ ಗಿರಣಿಯ ಸಪ್ಪಳ ಮತ್ತು ನನ್ನ ಮೀಸೆ

ಕೆಲವರಿಗೆ ನಾಯಿ ಬೆನ್ನು ಹತ್ತುತ್ತದೆ, ಕೆಲವರಿಗೆ ಶನಿ. ನನಗೆ ಸಪ್ಪಳ. ಎಲ್ಲಿ ಹೋದರೂ ಯಾವುದಾದರೊಂದು ಸಪ್ಪಳ ಹಿಂದೆ ಬಂದು, ನಾಲ್ಕು ಜನರೆದುರು ನನ್ನ ಮರ್ಯಾದೆ ತೆಗೆದೇ ಹೋಗುತ್ತದೆ. ಇದಕ್ಕೆ ಕಾರಣ ನನ್ನ ಕಿವಿ. ಬೈಲಹೊಂಗಲದಿಂದ ರಾಮದುರ್ಗದ ತನಕ ಇಂಥ ಕಿವಿ ಇನ್ನೊಬ್ಬರಿಗಿಲ್ಲ. ಇದು ನಾನು ಹೇಳುವ ಮಾತಲ್ಲ, ನಾನು ಹೇಳಿದ್ದನ್ನು ಕೇಳಿದವರು ಹೇಳುವ ಮಾತು.

ನಾನು ಬಸ್ ಡ್ರೈವರ್ ಆಗಿದ್ದವ. ಈಗ ರಿಟೈರ್ ಆಗಿ ಬೈಲಹೊಂಗಲದ ಮನೆಯಲ್ಲಿದ್ದೇನೆ. ಬಸ್ಸು ನಿಂತಿದೆ, ಹಾರ್ನು ನಿಂತಿಲ್ಲ ಅನ್ನುತ್ತಾಳೆ ಹೆಂಡತಿ. ಹೊಟ್ಟೆ ಹೊರೆದದ್ದು ಬಸ್ಸಿನಿಂದಾದರೂ ನಾನು ಪ್ರೀತಿ ಮಾಡಿದ್ದು ರೈಲನ್ನು. ಆದರೆ ನಮ್ಮ ಬೈಲಹೊಂಗಲಕ್ಕೆ ರೈಲಿಲ್ಲ. ಕಿತ್ತೂರಿಗಿಲ್ಲ, ಸವದತ್ತಿಗಿಲ್ಲ, ರಾಮದುರ್ಗಕ್ಕೂ ಇಲ್ಲ. "ಬರತೈತಿ" ಅನ್ನುವ ಸುದ್ದಿ ಮಾತ್ರ ಪ್ರತಿ ಎಲೆಕ್ಷನ್ನಿಗೆ ಟೈಮಿಗೆ ಸರಿಯಾಗಿ ಬರುತ್ತದೆ.

ಹಾಗಂತ ರೈಲಿನ ಸಪ್ಪಳಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಅದು ಮುರಗೋಡದಲ್ಲಿದೆ, ಹಿಟ್ಟಿನ ಗಿರಣಿಯೊಳಗೆ. ನವಿಲುತೀರ್ಥದಲ್ಲಿ ಡ್ಯಾಮ್ ಕಟ್ಟುವಾಗ ಕಲ್ಲು ಹೊರಲು ಸಣ್ಣ ಹಳಿ ಹಾಕಿ, ಇಂಗ್ಲೆಂಡಿನಿಂದ ಬಂದ ಗಿಡ್ಡ ಡೀಸೆಲ್ ರೈಲೊಂದನ್ನು ಓಡಿಸಿದ್ದರಂತೆ. ಕೆಲಸ ಮುಗಿದ ಮೇಲೆ ಗಿರಣಿ ಸಾವ್ಕಾರರ ತಂದೆ ಅದನ್ನು ಹರಾಜಿನಲ್ಲಿ ಹಿಡಿದು, ಗಾಲಿ-ಗೀಲಿ ಅಲ್ಲೇ ಬಿಟ್ಟು, ಇಂಜಿನ್ನಷ್ಟನ್ನೇ ಗಾಡಿ ಹೂಡಿ ತಂದು ಗಿರಣಿಗೆ ಕೂಡಿಸಿದರು. ಆರು ಜೋಡಿ ಎತ್ತು ಬೇಕಾದವು ಅನ್ನುತ್ತಾರೆ ಸಾವ್ಕಾರರು. ನಾನು ಹೇಳುವಾಗ ಹನ್ನೆರಡು ಜೋಡಿ. ಎತ್ತಿಗೇನು, ಮೇವು ನಾನು ಹಾಕಬೇಕೇ?

ಅಂದಿನಿಂದ ಅದು ರೈಲ್ ಗಿರಣಿ. ಅದರ ಸಪ್ಪಳ ಡುಗ್-ಡುಗ್-ಡುಗ್-ಟಣ್. ಆ ಡುಗ್ ಜಗತ್ತಿನ ಎಲ್ಲ ಇಂಜಿನ್ನಿಗೂ ಇರುತ್ತದೆ. ಆ ಟಣ್ ಮಾತ್ರ ಎಲ್ಲೂ ಇಲ್ಲ. ದೇವರ ಮನೆಯ ಗಂಟೆಯನ್ನು ಯಾರೋ ಬೆರಳ ತುದಿಯಿಂದ ಮುಟ್ಟಿದ ಹಾಗೆ. ಬಿಲಾತಿ ಕಬ್ಬಿಣ ಹಾಗೇ ಮಾತಾಡುತ್ತದೆ ಅಂತ ನಾನು ಊರೂರಿಗೆ ಸಾರಿದ್ದೆ. ಈ ವರ್ಷ ಆ ಇಂಜಿನ್ನು ಗುಜರಿಗೆ ಹೋಗುವುದರಲ್ಲಿತ್ತು. ಅದರ ಜೊತೆ ನನ್ನ ಮೀಸೆಯೂ. ಅಲ್ಲಿಗೆ ಬರುವ ಮೊದಲು ಒಂದೆರಡು ಹಳೇ ಸ್ಟಾಪುಗಳಿವೆ.

ಹುಬ್ಬಳ್ಳಿ ಪ್ಯಾಸೆಂಜರ್

ಆಗ ನಾನು ರಾಮದುರ್ಗದ ಗಾಡಿ ಮೇಲಿದ್ದೆ. ಮುರಗೋಡ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕೋಟು ಹಾಕಿದ ಒಬ್ಬ ಪರಸ್ಥಳದ ಮನುಷ್ಯ ಗಿರಣಿಯ ಸಪ್ಪಳಕ್ಕೆ ಕಿವಿ ನೆಟ್ಟಗೆ ಮಾಡಿದ. ಇಲ್ಲಿ ರೈಲು ಇದೆಯೇನು ಅಂತ ಕೇಳಿದ. ಐತ್ರಿ, ಇಂಗ್ಲೆಂಡಿನದು ಅಂದೆ. ಸುಳ್ಳೇನು ಹೇಳಲಿಲ್ಲವಲ್ಲ. ಆತ ಮುಂದಿನ ಪ್ರಶ್ನೆ ಕೇಳುವ ಗೋಜಿಗೇ ಹೋಗಲಿಲ್ಲ. ಹುಬ್ಬಳ್ಳಿಗೆ ರೈಲಿನಲ್ಲೇ ಹೋಗುತ್ತೇನೆ, ನಿಮ್ಮ ಬಸ್ಸಿನಲ್ಲಿ ಸೊಂಟ ಹೋಯಿತು ಅನ್ನುತ್ತಾ ಬ್ಯಾಗು ಹಿಡಿದು ಇಳಿದೇಬಿಟ್ಟ.

ಸೊಂಟದ ಮಾತಾಡಿದ್ದಕ್ಕೆ ನನಗೂ ಸ್ವಲ್ಪ ಸಿಟ್ಟಿತ್ತು. ಬಸ್ಸು ಬಿಟ್ಟೆ.

ಮರಳಿ ಬರುವಾಗ ಅದೇ ಮನುಷ್ಯ ಅದೇ ಸ್ಟ್ಯಾಂಡಿನಲ್ಲಿ ಕೈ ಮಾಡಿದ. ಕೋಟು, ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿದ್ದವು. ಏನ್ರೀ, ರೈಲು ಸಿಗಲಿಲ್ಲೇನು ಅಂತ ಕೇಳಿದೆ.

"ಸಿಕ್ತು," ಅಂದ, ಹಿಟ್ಟು ಜಾಡಿಸಿಕೊಳ್ಳುತ್ತಾ. "ಆದರೆ ಸ್ಟೇಷನ್ ಮಾಸ್ತರಿಣಿ ಟಿಕೆಟ್ ಕೊಡಲಿಲ್ಲ. ಜೋಳ ತಂದೀಯೇನು ಅಂತ ಕೇಳಿದಳು."

ಕಿವಿಯ ಪವಾಡ

ಇಂಜಿನ್ನಿನ ಸಪ್ಪಳ ಕೇಳಿ ಗಿರಣಿಯಲ್ಲಿ ಏನು ಬೀಸುತ್ತಿದ್ದಾರೆ ಅಂತ ಹೇಳುವ ಶಕ್ತಿ ನನಗಿತ್ತು. ಜೋಳಕ್ಕೆ ಇಂಜಿನ್ನು ನಗುತ್ತದೆ, ಗೋಧಿಗೆ ಗುನುಗುತ್ತದೆ, ಕಡಲೆಬೇಳೆಗೆ ಹಲ್ಲು ಕಡಿಯುತ್ತದೆ. ಕಂಡಕ್ಟರ್ ಇದನ್ನು ನಂಬುತ್ತಿರಲಿಲ್ಲ. ಒಂದು ದಿನ ಮುರಗೋಡದಲ್ಲಿ ಬಸ್ಸು ತುಂಬ ಜನ ಇರುವಾಗ, ಈಗ ಏನು ಬೀಸಾಕತ್ತಾರ ಹೇಳ್ರಿ ನೋಡೂಣು ಅಂದ.

ನಾನು ಬಸ್ಸು ನಿಲ್ಲಿಸಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿದೆ. ಜನ ಮಾತು ನಿಲ್ಲಿಸಿದರು. ಕೂಸು ಅಳುವುದನ್ನು ಬಿಟ್ಟಿತು. ಮೆಣಸಿನಕಾಯಿ ಅಂದೆ. ಬ್ಯಾಡಗಿ ಮೆಣಸಿನಕಾಯಿ, ಮೊನ್ನೆ ಒಣಗಿಸಿದ್ದು, ತೊಟ್ಟು ತೆಗೆದಿಲ್ಲ.

ಕಂಡಕ್ಟರ್ ಓಡಿ ಹೋಗಿ ನೋಡಿಕೊಂಡು ಬಂದ. ಖರೇನ ಮೆಣಸಿನಕಾಯಿ. ಪ್ಯಾಸೆಂಜರೆಲ್ಲ ಕೈ ಮುಗಿಯುವುದೊಂದು ಬಾಕಿ. ನಾನು ಎದೆ ಉಬ್ಬಿಸಿ ಗೇರ್ ಹಾಕಬೇಕು, ಅಷ್ಟರಲ್ಲಿ ತಡೆಹಿಡಿದಿದ್ದ ಸೀನುಗಳೆಲ್ಲ ಒಂದರ ಮೇಲೊಂದು ಬಂದವು. ಸ್ಟೇರಿಂಗ್ ಮೇಲೆ ಬಿದ್ದು ಸೀನಿದೆ.

ಕಂಡಕ್ಟರ್ ಸೀಟಿ ಊದುವ ಮೊದಲು ಎಲ್ಲರಿಗೂ ಕೇಳುವಂತೆ ಹೇಳಿದ: "ಡ್ರೈವರ್ ಸಾಹೇಬ್ರ ಕಿವಿ ಭಾಳ ದೊಡ್ಡೂವರಿ. ಮೂಗಿನ ಮಟಾ ಬಂದಾವ."

ಪ್ರವಚನದಲ್ಲಿ ರೈಲು

ಇತ್ತೀಚೆಗೆ ಗಿರಣಿಗೆ ಕರೆಂಟ್ ಮೋಟಾರ್ ಬಂತು. ಕರೆಂಟ್ ಹೋದಾಗ ಮಾತ್ರ ರೈಲ್ ಇಂಜಿನ್ನು. ನಮಗದು ತಾಯಿಯ ದನಿ ತಪ್ಪಿದ ಹಾಗಾಯಿತು. ನಮಗೆ ಅಂದರೆ ಮೂವರಿಗೆ: ನಾನು, ಗಿರಣಿ ಸಾವ್ಕಾರರು, ಮತ್ತೆ ಕಿತ್ತೂರಿನ ಒಬ್ಬ ರಿಟೈರ್ಡ್ ಮಾಸ್ತರರು. ಈ ಮಾಸ್ತರರು ಬಿಲಾತಿಯ ಹಳೇ ಡೀಸೆಲ್ ರೈಲುಗಳ ಸಪ್ಪಳವನ್ನು ಮೊಬೈಲಿನಲ್ಲಿ ತುಂಬಿಕೊಂಡು, ಜನ ಹಾಡು ಕೇಳುವಂತೆ ಕಣ್ಣು ಮುಚ್ಚಿ ಕೇಳುವವರು. ಅವರ ಮನೆಯವರು ಕೇಳಿ ಕೇಳಿ ಬೇಸತ್ತು, ಊಟಕ್ಕೆ ಕರೆಯಬೇಕಾದರೆ ಸೀಟಿ ಊದುತ್ತಾರಂತೆ.

ಮಾಸ್ತರರು ಒಂದು ದಿನ ನಮ್ಮ ರೈಲ್ ಗಿರಣಿಯ ಸಪ್ಪಳವನ್ನೇ ಮೊಬೈಲಿಗೆ ಹಿಡಿದು ರಿಂಗ್‌ಟೋನ್ ಮಾಡಿಕೊಂಡರು. ಆ ವಾರವೇ ಮುರಗೋಡದ ಒಂದು ಗುಡಿಯಂಗಳದಲ್ಲಿ ಬೇರೆ ಊರಿನ ಸ್ವಾಮಿಗಳ ಪ್ರವಚನವಿತ್ತು. ಸ್ವಾಮಿಗಳು ವೈರಾಗ್ಯದ ಮಾತು ಹೇಳುತ್ತಿದ್ದರು. ಬೆಳಗಿನಿಂದ ಊರಿಗೆ ಕರೆಂಟ್ ಇರಲಿಲ್ಲ. ಮಾಸ್ತರರ ಫೋನು ಬಡಿದುಕೊಂಡಿತು: ಡುಗ್-ಡುಗ್-ಡುಗ್-ಟಣ್.

ಹೆಣ್ಣುಮಕ್ಕಳ ಸಾಲಿನಲ್ಲಿ ಒಬ್ಬಾಕೆ, ಯವ್ವಾ, ಗಿರಣಿ ಚಾಲೂ ಆತು ಅಂತ ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ನೋಡುತ್ತ ನೋಡುತ್ತ ಅರ್ಧ ಅಂಗಳ ಡಬ್ಬಿ ತರಲು ಮನೆಗೆ ಓಡಿತು. ಮಾಸ್ತರರು ಬೆವರುತ್ತಾ ಫೋನಿನ ಕತ್ತು ಹಿಚುಕುತ್ತಿದ್ದರು.

ಸ್ವಾಮಿಗಳು ಸಿಟ್ಟಾಗಲಿಲ್ಲ. ಖಾಲಿ ಜಮಖಾನೆ ನೋಡಿ ಹೇಳಿದರು: "ಮಾಸ್ತರ, ಅದನ್ನ ಕಡೀಕ ಮಂಗಳಾರತಿ ಹೊತ್ತಿಗೆ ಹಚ್ಚರಿ. ನನಗೂ ಮಂದೀನ್ನ ಎಬ್ಬಸೂದು ಸಲೀಸ ಆಕ್ಕೈತಿ."

ಮೀಸೆ ಪಣಕ್ಕೆ

ಗಿರಣಿಯ ಮಾಲಕರು ಸಾವ್ಕಾರರು. ಆದರೆ ಸಾವ್ಕಾರರ ಮಾಲಕರು ಅವರ ಮನೆಯವರು. ನಾವು ಅವರಿಗೆ ಅಕ್ಕಾರು ಅನ್ನುತ್ತೇವೆ. ಚಚಡಿ ಊರಿನ ಮಗಳು, ಮಾತು ಸೀದಾ. ಇಂಜಿನ್ನಿನ ಜಾಗದಲ್ಲಿ ಶಾವಿಗೆ ಮಷಿನ್ ಕೂಡಿಸುತ್ತೇನೆ, ಸವದತ್ತಿಯ ಗುಜರಿಯವನಿಗೆ ಹೇಳಿಯಾಗಿದೆ, ಸೋಮವಾರ ಲಾರಿ ಬರುತ್ತದೆ ಅಂದರು. ಸಾವ್ಕಾರರು ಊಟ ಬಿಟ್ಟರು. ಅಕ್ಕಾರು ಅಷ್ಟು ರೊಟ್ಟಿ ಕಡಿಮೆ ಬಡಿದರು.

ಅದೇ ಹೊತ್ತಿಗೆ ಮಾಸ್ತರರ ರಿಂಗ್‌ಟೋನ್ ವಾಟ್ಸಪ್ಪಿನಲ್ಲಿ ಹರಿದು ಹರಿದು ಪುಣೆಯ ಒಬ್ಬ ಸಾಹೇಬರ ಕಿವಿಗೆ ಬಿದ್ದಿತ್ತು. ಹಳೇ ಬಿಲಾತಿ ರೈಲುಗಳ ದನಿ ಹಿಡಿಯಲು ದೇಶ ತಿರುಗುವ ಮನುಷ್ಯ. ಇಂಥ ಟಣ್ ಅನ್ನುವ ಇಂಜಿನ್ನು ನಾನು ಜನ್ಮದಲ್ಲಿ ಕೇಳಿಲ್ಲ, ರವಿವಾರ ಬರುತ್ತೇನೆ ಅಂದರು. ಖರೇನೇ ಆ ಸಪ್ಪಳ ಇದ್ದರೆ ನಮ್ಮ ಮಂದಿ ಎಲ್ಲೆಲ್ಲಿಂದಲೋ ಕೇಳಲು ಬರುತ್ತಾರೆ ಅಂತಲೂ ಅಂದರು.

ನಾವು ಮೂವರೂ ಅಕ್ಕಾರ ಮುಂದೆ ನಿಂತೆವು. ಅವರು ಒಂದು ಕರಾರು ಹಾಕಿದರು. ಪುಣೆಯವರು ಕೇಳಿ ಹೌದು ಅಂದರೆ ಇಂಜಿನ್ನು ಇರಲಿ, ಅಲ್ಲ ಅಂದರೆ ಸೋಮವಾರ ಲಾರಿ.

ಅಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಮೀಸೆಗೆ ಕೈ ಹಾಕಿ, "ಆ ಸಪ್ಪಳ ಬಿಲಾತಿದ ಅಲ್ಲ ಅಂತ ಆದ್ರ, ಇದನ್ನ ಬೋಳಿಸತೇನಿ ನೋಡ್ರಿ," ಅಂದೆ.

ಅಕ್ಕಾರು ಮೀಸೆಯನ್ನು ಎಡದಿಂದ ಬಲಕ್ಕೆ ನೋಡಿದರು. "ಅದನ್ನೂ ತೂಕಕ್ಕ ತಗೊಂತಾರೇನು, ಗುಜರಿಯವಗ ಕೇಳತೇನಿ," ಅಂದರು.

ಬಿಲಾತಿ ಸಪ್ಪಳ

ರವಿವಾರ ಬೆಳಿಗ್ಗೆ ಇಂಜಿನ್ನಿಗೆ ಎಣ್ಣೆಸ್ನಾನ ಮಾಡಿಸಿದೆವು. ಸಾವ್ಕಾರರು ಮೈ ಒರೆಸಿದರು, ನಾನು ಹೇಗೆ ಒರೆಸಬೇಕು ಅಂತ ಹೇಳಿದೆ. ಮಾಸ್ತರರು ಬ್ರಶ್ ಹಿಡಿದು ಮಾಳಿಗೆ ಹತ್ತಿ ಹೊಗೆ ಕೊಳವೆ ತಿಕ್ಕಿದರು. ಕೊಳವೆಯ ಬಾಯಿಗೆ ತಂತಿಯಿಂದ ಸಡಿಲಾಗಿ ಕಟ್ಟಿದ್ದ ಕರ್ರಗಿನ ಗಡ್ಡೆಯಂಥದೊಂದು ಕೈಗೆ ಬಂತು. ಮಸಿಯ ಉಂಡೆ ಇರಬೇಕು ಅಂತ ತಂತಿ ಬಿಚ್ಚಿ ಅಂಗಳಕ್ಕೆ ಒಗೆದರು.

ಪುಣೆ ಸಾಹೇಬರು ಬಂದರು. ಕಿವಿಗೆ ದೊಡ್ಡ ಹೆಡ್‌ಫೋನು, ಕೈಯಲ್ಲಿ ಬೆಕ್ಕಿನ ಬಾಲದಂಥ ಮೈಕು. ಓಣಿಯ ಜನವೆಲ್ಲ ನೆರೆದಿತ್ತು. ಸಾವ್ಕಾರರು ಹ್ಯಾಂಡಲ್ ತಿರುವಿದರು. ಇಂಜಿನ್ನು ಒಂದೇ ಏಟಿಗೆ ಶುರುವಾಯಿತು.

ಡುಗ್. ಡುಗ್. ಡುಗ್. ಡುಗ್.

ಕಾದೆವು. ಟಣ್ ಬರಲಿಲ್ಲ. ಸಾವ್ಕಾರರು ಡೀಸೆಲ್ ಹೆಚ್ಚು ಮಾಡಿದರು, ಡುಗ್ ಹೆಚ್ಚಾಯಿತು. ಇನ್ನೂ ಕಾಯ್ದಿಲ್ಲ, ಬಿಲಾತಿದು ನೋಡ್ರಿ, ಥಂಡಿ ಭಾಳ ಅಂತ ನಾನು ಸಮಜಾಯಿಷಿ ಕೊಟ್ಟೆ. ಪುಣೆ ಸಾಹೇಬರು ಹೆಡ್‌ಫೋನು ತೆಗೆದು, ಇಂಜಿನ್ನೇನೋ ಅಸಲಿ ಇಂಗ್ಲೆಂಡಿನದೇ, ಆದರೆ ಇಂಥವು ಬೇಕಾದಷ್ಟಿವೆ, ನಾನು ಫೋನಿನಲ್ಲಿ ಕೇಳಿದ ಸಪ್ಪಳ ಇದಲ್ಲ ಅಂದರು. ಸಾವ್ಕಾರರು ಇಂಜಿನ್ನಿನ ಮೇಲೆ ಕೈಯಿಟ್ಟು ನಿಂತುಬಿಟ್ಟರು, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. ನನ್ನ ಕೈ ಮೀಸೆಗೆ ಹೋಯಿತು.

ಅಷ್ಟರಲ್ಲಿ ಹಿತ್ತಲಿಂದ ಅಕ್ಕಾರು ಬಂದರು. ಅವರ ಗುಣ ಏನೆಂದರೆ, ಮಸಿ ಹಿಡಿದದ್ದು ಕಂಡರೆ ತಿಕ್ಕದೇ ಬಿಡುವವರಲ್ಲ. ಅಂಗಳದಲ್ಲಿ ಬಿದ್ದ ಗಡ್ಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದರು. ಅದೀಗ ಅವರ ಕೈಯಲ್ಲಿ ಕೆಂಪಗೆ ಹೊಳೆಯುತ್ತಿತ್ತು. ತಾಮ್ರದ ತಂಬಿಗೆ. ನಮ್ಮ ಕಡೆ ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ರೂಢಿ. ಅದರ ಹೊಟ್ಟೆಯ ಮೇಲೆ ಅಕ್ಕಾರ ಹೆಸರಿತ್ತು, ಕೆಳಗೆ "ಚಚಡಿ" ಅಂತ.

ಆ ತಂಬಿಗೆಯ ಕಥೆ ಓಣಿಗೇ ಗೊತ್ತು. ಅಕ್ಕಾರು ಹೊಸ ಸೊಸೆಯಾಗಿ ಬಂದ ವರ್ಷ ಅದು ಕಾಣೆಯಾಗಿತ್ತು. ಕದ್ದು ಹೊಳ್ಳಿ ತವರಿಗೆ ಕಳಿಸ್ಯಾಳ ಅಂತ ಅತ್ತೆ ಕಣ್ಣು ಮುಚ್ಚುವ ತನಕ ಅಂದಳು.

ಅಕ್ಕಾರು ಗಂಡನ ಮುಂದೆ ನಿಂತರು. "ಇದನ್ನ ಕೊಳವಿಗೆ ಯಾರು ಡಬ್ಬ ಹಾಕಿದ್ರು?"

ಸಾವ್ಕಾರರು ನೆಲ ನೋಡಿದರು. ಮಳೆ ನೀರು ಇಳಿಯುತ್ತಿತ್ತು, ಕೈಗೆ ಸಿಕ್ಕದ್ದು ಅದೇ, ಆಮೇಲೆ ಅವ್ವನ ಸಿಟ್ಟು ನೋಡಿ ಹೇಳುವ ಧೈರ್ಯ ಆಗಲಿಲ್ಲ ಅಂತ ಗೊಣಗಿದರು.

"ಮಂಚದ ಬುಡಕ ಕಂದೀಲ ಹಿಡಕೊಂಡು ಹುಡಿಕಿದವರ ಪೈಕಿ ನೀವ ಮೊದಲಿಗರು ಇದ್ರೆಲಾ," ಅಂದರು ಅಕ್ಕಾರು.

ಹೊಗೆಯ ಒದೆತಕ್ಕೆ ತಂಬಿಗೆ ಎದ್ದು ಕೊಳವೆಗೆ ಬಡಿಯುತ್ತಿದ್ದದ್ದೇ ಆ ಟಣ್ ಅಂತ ಈಗ ಎಲ್ಲರಿಗೂ ಹೊಳೆದಿತ್ತು. ಆದರೆ ಆ ಕೈಯಿಂದ ತಂಬಿಗೆ ಕೇಳುವ ಗಂಡಸು ಮುರಗೋಡದಲ್ಲಿ ಇರಲಿಲ್ಲ. ಕೇಳಿದ್ದು ಪುಣೆಯವರು. ಅವರಿಗೆ ನಮ್ಮ ಕನ್ನಡ ಅರ್ಧ ತಿಳಿಯುತ್ತಿತ್ತು, ಅಕ್ಕಾರ ಸಿಟ್ಟು ಅಷ್ಟೂ ತಿಳಿದಿರಲಿಲ್ಲ. ಬಾಯಿಸಾಹೇಬರೇ, ಅದನ್ನು ಜರಾ ಹೊಳ್ಳಿ ಮೇಲಿಡುತ್ತೀರೇನು ಅಂದರು.

ಅಕ್ಕಾರು ಯೋಚಿಸಿದರು. ಆಮೇಲೆ ಗಂಡನಿಗೆ, ತಂಬಿಗೆ ಒಯ್ದದ್ದು ಯಾರು ಅಂತ ಓಣಿಗೆ ಕೇಳುವಂತೆ ಹೇಳ್ರಿ, ಅಂದ್ರ ಕೊಡತೇನಿ ಅಂದರು. ಸಾವ್ಕಾರರು ಹೇಳಿದರು. ಇಂಜಿನ್ ಸಪ್ಪಳದಾಗ ಕೇಳಸವಲ್ದು ಅಂದರು ಅಕ್ಕಾರು. ಸಾವ್ಕಾರರು ಒದರಿದರು. ಹಿಂದಿನ ಸಾಲಿಗೆ ಮುಟ್ಟಿಲ್ಲ ಅಂದರು ಅಕ್ಕಾರು. ಕಡೆಗೆ ಸಾವ್ಕಾರರು ಮಾಳಿಗೆ ಹತ್ತಿ, ನಾಲ್ಕೂ ದಿಕ್ಕಿಗೆ ತಿರುಗಿ, "ನನ್ನ ಹೇಣ್ತಿ ಕಳ್ಳಿ ಅಲ್ಲ, ತಂಬಗಿ ಒಯ್ದಾಂವ ನಾನು," ಅಂತ ಕೂಗಿದರು. ಸತ್ತ ಅತ್ತೆಗೂ ಕೇಳಿರಬೇಕು.

ತಂಬಿಗೆ ಮೇಲೆ ಹೋಯಿತು.

ಡುಗ್-ಡುಗ್-ಡುಗ್-ಟಣ್.

ತಿಕ್ಕಿದ ತಂಬಿಗೆಯ ದನಿ ಇನ್ನೂ ತಿಳಿಯಾಗಿತ್ತು. ಪುಣೆ ಸಾಹೇಬರು ಕಣ್ಣು ಮುಚ್ಚಿ ತಲೆ ಆಡಿಸಿದರು. ಹೌದು, ಇದೇ ಅಂದರು. ಇಂಜಿನ್ನು ಉಳಿಯಿತು. ಗುಜರಿ ಲಾರಿಗೆ ಬರಬೇಡ ಅಂತ ಹೇಳಿ ಕಳಿಸಿದ್ದಾಯಿತು. ಈಗಲೂ ರವಿವಾರಕ್ಕೊಮ್ಮೆ ಕೇಳುವ ಮಂದಿ ಬರುತ್ತಾರೆ. ಪ್ರತಿ ಸಲ ಸಾವ್ಕಾರರೇ ತಂಬಿಗೆ ಇಳಿಸಿ, ತಿಕ್ಕಿ, ಒರೆಸಿ, ಅಕ್ಕಾರ ಕೈಗೆ ಕೊಡಬೇಕು.

ಅಂದು ನಾನು ಆ ಗದ್ದಲದಲ್ಲಿ ಮೆಲ್ಲಗೆ ಚಪ್ಪಲಿ ಹುಡುಕುತ್ತಿದ್ದೆ. ಅಕ್ಕಾರು ಕರೆದರು.

"ಡ್ರೈವರ್ ಅಣ್ಣಾರ, ಸಪ್ಪಳ ಎಲ್ಲೀದು ಅಂತ ಆತು?"

ಇಂಜಿನ್ನಂತೂ ಬಿಲಾತಿದು ಅಂತ ವಾದ ಹೂಡಿದೆ. ಡುಗ್ ಬಿಲಾತಿದು ಅಂದೆ. ಅಕ್ಕಾರು ಪುಣೆಯವರ ಕಡೆ ನೋಡಿದರು. ಅವರು ತಮ್ಮ ಮಷಿನ್ನಿನಲ್ಲಿ ಸಪ್ಪಳಕ್ಕೆ ಹೆಸರು ಹಾಕುತ್ತಿದ್ದರು. ಸಾವ್ಕಾರರು ಇಳಿಸಿ ತಂದಿದ್ದ ತಂಬಿಗೆಯ ಮೇಲಿದ್ದದ್ದನ್ನು ನೋಡಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಚ... ಚ... ಡಿ."

ಓಣಿಯಲ್ಲೇ ಕ್ಷೌರದಂಗಡಿ ಇತ್ತು. ಓಣಿಯೇ ಜೊತೆಗೆ ಬಂತು.

ಸಂಜೆ ಬೈಲಹೊಂಗಲಕ್ಕೆ ಬಂದು ನನ್ನ ಮನೆಯ ಬಾಗಿಲು ಬಡಿದೆ. ಹೆಂಡತಿ ಬಾಗಿಲು ತೆರೆದು, ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಹೇಳಿದಳು:

"ಅವ್ರು ಮನ್ಯಾಗಿಲ್ಲರಿ. ಗಿರಣಿ ಸಪ್ಪಳ ಕೇಳಾಕ ಹೋಗ್ಯಾರ."