ಮಗಳ ಟೈಮ್ ಟೇಬಲ್ಲು

ಒಬ್ಬ ಗಂಡಸು, ಒಂದು ಹೊಲಿಗೆ ಮಿಷನ್ನು, ಎರಡೂವರೆ ವರ್ಷದ ಒಂದು ಹೆಣ್ಣುಕೂಸು. ಇಷ್ಟೇ ಇರುವ ಮನೆಯಲ್ಲಿ ನಗುವಂಥದ್ದು ದಿನಾ ಏನಾದರೂ ಆಗುತ್ತದೆ. ಜೊತೆಗೆ ನಗುವುದಕ್ಕೆ ಇನ್ನೊಬ್ಬರಿಲ್ಲ, ಅಷ್ಟೆ. ಅದಕ್ಕೇ ಬರೆದೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಯಾಪೈಸೆ ಬಂದ ವರ್ಷ, ಯುಗಾದಿಗೆ ಮುಂಚೆ ಹೆಂಡತಿ ತೀರಿಕೊಂಡಳು. ಸೊರಬದಿಂದ ಅತ್ತೆ ಬಂದು ಶಿಕಾರಿಪುರದ ನಮ್ಮ ಮನೆಯಲ್ಲಿ ಹದಿನೈದು ದಿನ ಇದ್ದರು. ಹೊರಡುವಾಗ ಹೇಳಿದರು: "ಅಳಿಯಂದ್ರೇ, ದೀಪಾವಳಿ ತನಕ ನೋಡ್ತೀನಿ. ಕೂಸು ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ನಾಲ್ಕು ಮಾತು ಕಲಿತ್ರೆ ಸರಿ. ಇಲ್ದಿದ್ರೆ ನಾನು ಕರ್ಕಂಡು ಹೋಗ್ತೀನಿ."

ತಪ್ಪೇನಿಲ್ಲ. ಅವರೂ ಮಗಳನ್ನು ಕಳೆದುಕೊಂಡವರು. ಆದರೆ ಕೂಸೂ ಹೋದರೆ ಈ ಮನೆಯಲ್ಲಿ ಉಳಿಯುವುದು ಮಿಷನ್ನಿನ ಸದ್ದೊಂದೇ.

೧. ಊಟದ ಹೊತ್ತು

ನಮ್ಮಲ್ಲಿ ಗಡಿಯಾರವಿಲ್ಲ. ಹೆಂಡತಿ ಇದ್ದಾಗ ಬೇಕಾಗಿರಲಿಲ್ಲ. ಹಸಿವಾಗುವ ಹೊತ್ತಿಗೆ ತಟ್ಟೆ ಬರುತ್ತಿತ್ತು.

ಅಂಗಿ ಹೊಲಿಸಲು ಬರುವ ಮೇಷ್ಟರು ಕಾಗದದಲ್ಲಿ ಟೈಮ್ ಟೇಬಲ್ ಬರೆದುಕೊಟ್ಟರು. ಎಂಟಕ್ಕೆ ಸ್ನಾನ. ಒಂಬತ್ತಕ್ಕೆ ಪಾಠ. ಹನ್ನೆರಡಕ್ಕೆ ಊಟ. ಹನ್ನೆರಡು ಯಾವಾಗ ಅಂತ ನನಗೆ ಹೇಗೆ ಗೊತ್ತಾಗಬೇಕು? ಸೊರಬದ ಬಸ್ಸು ನಮ್ಮ ಬೀದಿಯ ತಿರುವಿನಲ್ಲಿ ಹಾರನ್ನು ಒತ್ತುವುದು ಸುಮಾರು ಆಗಲೇ. ಹಾರನ್ನು ಕೇಳಿದ ಕೂಡಲೇ ತುತ್ತು ಕೊಡತೊಡಗಿದೆ. ಒಂದು ವಾರದಲ್ಲಿ ಕೂಸು ಕಲಿತುಬಿಟ್ಟಿತು. ಪೋಂ ಅಂದರೆ ಬಾಯಿ ತೆರೆಯುವುದು.

ಒಂದು ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅನ್ನ ಆರಿತು. ಕೂಸು ಬಾಯಿ ಮುಚ್ಚಿ ಕೂತಿದೆ.

"ಉಣ್ಣವ್ವಾ."

"ಪೋಂ ಆಗಿಲ್ಲ."

ನಾನೇ ಪೋಂ ಅಂದೆ. ತಲೆ ಆಡಿಸಿತು. ಎದುರುಮನೆಯ ಬೂಬಮ್ಮ, ಪಾತ್ರೆಗೆ ಕಲಾಯಿ ಹಾಕುವವರ ಮನೆಯವರು, ಅವರೂ ಬಂದು ಪೋಂ ಅಂದರು. ನಡೆಯಲಿಲ್ಲ. ಇಳಿಹೊತ್ತಿಗೆ ಬಸ್ಸು ಬಂತು. ಆಮೇಲೆ ಉಂಡಿತು.

ಮಾರನೇ ದಿನ ಡ್ರೈವರನಿಗೆ ಕಷ್ಟ ಹೇಳಿಕೊಂಡೆ. ಆತ ಪೂರ್ತಿ ಕೇಳಿದ. "ಇನ್ಮೇಲೆ ಬಸ್ಸು ಕೆಟ್ರೆ ಹಾರನ್ ಬಿಚ್ಚಿ ಮೊದ್ಲು ನಿಮ್ಮನೆಗೆ ಕಳಿಸ್ತೀನಿ ಬಿಡ್ರೀ" ಅಂದ.

೨. ಗುಂಡಿ ಡಬ್ಬಿ

ಕಾಜಾ ಮಾಡುವುದು, ಗುಂಡಿ ಹಚ್ಚುವುದು ಅವಳ ಕೆಲಸವಾಗಿತ್ತು. ಗುಂಡಿ ಡಬ್ಬಿಯೂ ಅವಳದೇ. ಅವಳು ಹೋದ ಮೇಲೆ ಅದರ ಮುಚ್ಚಳ ತೆಗೆದಿರಲಿಲ್ಲ. ಪೇಟೆಯಿಂದ ಬೇರೆ ಗುಂಡಿ ತರುತ್ತಿದ್ದೆ.

ಕೂಸಿಗೆ ಬಣ್ಣ ಕಲಿಸಬೇಕಿತ್ತು. ಬೇರೇನೂ ಹೊಳೆಯಲಿಲ್ಲ. ಡಬ್ಬಿ ತೆಗೆದು ಗುಂಡಿ ಎಣಿಸಿ ಕೊಟ್ಟೆ. ಕೆಂಪು ಒಂದು ಕಡೆ, ಬಿಳಿ ಒಂದು ಕಡೆ, ಕಪ್ಪು ಒಂದು ಕಡೆ. ಚೆನ್ನಾಗಿಯೇ ಜೋಡಿಸಿತು. ಎಣಿಸಿದರೆ ಕೆಂಪು ಒಂದು ಕಮ್ಮಿ.

"ಎಲ್ಲಿ?" ಅಂದೆ.

ಮೂಗು ತೋರಿಸಿತು.

ಜೀವ ಹಾರಿತು. ಎತ್ತಿಕೊಂಡು ಎದುರುಮನೆಗೆ ಓಡಿದೆ. ಬೂಬಮ್ಮ ಯಜಮಾನರ ನಶ್ಯದ ಡಬ್ಬಿ ತಂದರು. "ಒಂದು ಸೀನು ಬಂದ್ರೆ ಹೊರಗೆ ಬೀಳ್ತದೆ, ಹೆದರಬ್ಯಾಡ್ರಿ" ಎಂದು ಕೂಸಿನ ಮೂಗಿನ ಹತ್ತಿರ ಒಂದು ಚಿಟಿಕೆ ಹಿಡಿದರು. ಗಾಳಿ ನನ್ನ ಕಡೆಗಿತ್ತು. ಕೂಸು ಸೀನಲಿಲ್ಲ. ನಾನು ಹನ್ನೊಂದು ಸಲ ಸೀನಿದೆ. ಅದಕ್ಕೆ ಖುಷಿಯಾಗಿ ಚಪ್ಪಾಳೆ ತಟ್ಟಲು ಹೋಯಿತು. ಮುಷ್ಟಿ ಬಿಚ್ಚಿತು. ಗುಂಡಿ ಬಿತ್ತು.

"ಮತ್ತೆ ಮೂಗು ಯಾಕೆ ತೋರಿಸ್ದೆ?" ಅಂದೆ, ಕಣ್ಣು ಒರೆಸಿಕೊಳ್ಳುತ್ತಾ.

ಬೂಬಮ್ಮ ಹೇಳಿದರು: "ದಿನಾ ನೀವೇ 'ಮೂಗು ಎಲ್ಲಿ, ಮೂಗು ಎಲ್ಲಿ' ಅಂತ ಕೇಳ್ತೀರಿ. ಎಲ್ಲಿ ಅಂದ್ರೆ ಪಾಪ ಅದಕ್ಕೆ ಮೂಗೇ!"

೩. ಎಣಿಕೆ

ಅಳತೆ ತೆಗೆಯುವಾಗ ನಾನು ಕೂಗಿ ಹೇಳುವುದು ಅಭ್ಯಾಸ. ಬರೆಯುವುದು ನಿಧಾನ. ಮೊದಲು ಅವಳು ಒಳಗಿಂದ ತಿರುಗಿ ಹೇಳಿ ನೆನಪಿಟ್ಟುಕೊಳ್ಳುತ್ತಿದ್ದಳು. ಒಂದಿಂಚೂ ತಪ್ಪುತ್ತಿರಲಿಲ್ಲ. ಈಗ ಕೂಸು ಹೇಳುತ್ತದೆ. ಮೊದಲ ಸಲ ಅದರ ದನಿ ಕೇಳಿ ನಾನು ಟೇಪು ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದೆ.

ಮೇಷ್ಟರು ಪಾಠ ಎಲ್ಲಿಗೆ ಬಂತು ಅಂತ ನೋಡಲು ಬಂದರು.

"ನಿನಗೆ ವಯಸ್ಸೆಷ್ಟು ಪುಟ್ಟಿ?"

"ಎದೆ ಮೂವತ್ನಾಕು."

"ಅಯ್ಯೋ! ಒಂದಾದ್ಮೇಲೆ ಎಷ್ಟು?"

"ತೋಳು."

ಮೇಷ್ಟರು ನನ್ನ ಮುಖ ನೋಡಿದರು. ಕೂಸು ಮೇಷ್ಟರ ಅಂಗಿ ನೋಡುತ್ತಿತ್ತು.

"ಹೊಟ್ಟೆ ನಲವತ್ತೆರಡು" ಅಂತು.

"ಛೆ, ಛೆ. ಮೂವತ್ತೆಂಟು" ಅಂದರು ಮೇಷ್ಟರು.

ಟೇಪು ಹಿಡಿದೆ. ನಲವತ್ತೆರಡೇ. ಅವತ್ತಿಂದ ಅವರು ಪಾಠದ ಸುದ್ದಿ ಎತ್ತಿಲ್ಲ.

೪. ಮಲಗಿಸುವುದು

ದೀಪಾವಳಿಗೆ ಎರಡು ದಿನ ಮುಂಚೆ ಅತ್ತೆ ಬಂದರು. ಜೊತೆಗೆ ಅವರ ಮಗ. ಕೂಸಿನ ಮೈ ಮುಟ್ಟಿ ನೋಡಿದರು. ಊಟ ನೋಡಿದರು. "ಎಲ್ಲಾ ಸರಿ. ಆದ್ರೂ ಗಂಡಸು ಸಾಕೋ ಕೂಸು" ಅಂದರು. ಮಾರನೇ ದಿನ ಬೆಳಿಗ್ಗೆ ಅದರ ಬಟ್ಟೆ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟರು. ನಾನು ಗಂಟನ್ನೇ ನೋಡುತ್ತಿದ್ದೆ.

ಭಾವಮೈದ ಪೇಟೆಗೆ ಹೋದ. ಮಧ್ಯಾಹ್ನ ಅತ್ತೆ, "ನಿದ್ದೆ ಹ್ಯಾಂಗೆ ಮಾಡಿಸ್ತೀರಿ, ಅದೊಂದು ತೋರಿಸ್ರಿ" ಎಂದು ಪಕ್ಕದಲ್ಲೇ ಕೂತರು.

ನನಗೆ ಜೋಗುಳ ಬರುವುದಿಲ್ಲ. ಅವಳು ಹೋದ ಮೇಲೆ ರಾತ್ರಿ ನಿದ್ದೆಯೂ ಬರುವುದಿಲ್ಲ. ಚಾಪೆ ಮೇಲೆ ಕೂಸಿನ ಪಕ್ಕ ಮಲಗಿ ತಟ್ಟಲು ಶುರು ಮಾಡಿದೆ. ನನಗೆ ಗೊತ್ತಿರುವುದು ಅಷ್ಟೇ.

ಎಚ್ಚರಾದಾಗ ದೀಪ ಹಚ್ಚುವ ಹೊತ್ತು. ಆ ಕಡೆ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಅವರ ಮೈಮೇಲೆ ಹೊದಿಕೆಗೆ ನಾನು ಅರ್ಧ ಹೊಲಿದಿಟ್ಟಿದ್ದ ಅಂಗಿ. ನಾನು ಎದ್ದ ಸದ್ದಿಗೆ ಅವರೂ ಗಾಬರಿಯಿಂದ ಎದ್ದರು.

"ಏ ತಮ್ಮಾ! ಹೊತ್ತು ಮುಳುಗೈತಲ್ಲೋ, ಎಬ್ಬಿಸಬಾರದಾ?" ಎಂದು ಮಗನನ್ನು ಕೂಗಿದರು.

ಭಾವಮೈದ ಜಗುಲಿಯಿಂದ ಬಂದ. ಕೆನ್ನೆ ಮೇಲೆ ಚಾಪೆಯ ಗೆರೆ.

"ಒಳಗೆ ಬಿಟ್ರೆ ತಾನೇ ಎಬ್ಬಿಸೋದು? ಈ ಕೂಸು ಬಾಗ್ಲಲ್ಲೇ ನಿಲ್ಲಿಸಿ, 'ಶ್! ಮಕ್ಳು ಮಲಗ್ಯಾವೆ' ಅಂತು. ಆಮೇಲೆ ನನ್ನನ್ನೂ ತಟ್ಟಿ ಮಲಗಿಸ್ತು."

ಕೂಸು ಮೂಲೆಯಲ್ಲಿ ಕೂತು ಬಟ್ಟೆ ಚೂರು ಮಡಿಸುತ್ತಿತ್ತು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು, ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವಳೂ ಹೀಗೇ ನಗುತ್ತಿದ್ದಳು. ಅದು ಅತ್ತೆಯಿಂದ ಬಂದದ್ದು ಅಂತ ನನಗೆ ಗೊತ್ತಿರಲಿಲ್ಲ. ಅತ್ತೆ ನಕ್ಕಿದ್ದನ್ನು ನೋಡಿದ್ದೇ ಅವತ್ತು.

ಆಮೇಲೆ ಗಂಟು ಎಳೆದುಕೊಂಡು ಬಿಚ್ಚತೊಡಗಿದರು.

"ಇಲ್ಲೇ ಇರ್ಲಿ ಅಳಿಯಂದ್ರೇ. ಇದನ್ನ ಕರ್ಕಂಡು ಹೋದ್ರೆ, ನಿಮ್ಮನ್ನ ಸಾಕೋರು ಯಾರು?"